ನೇಪಾಳದ ಏರಿಗೆ ಯಾವ ಹಬ್ಬು?

ನೇಪಾಳಕ್ಕೆ ಹೋಗಿ ಬಂದೆವು ಎಂದರೆ ಕೇಳಿದವರೆಲ್ಲ ಹಿಮದ ಬೆಟ್ಟದ ಸುದ್ದಿ ಹೇಳು ಎನ್ನುತ್ತಾರೆ. ಬೆಟ್ಟ ಕಂಡಿತು, ಸುಳ್ಳಲ್ಲ. ಆದರೆ ನಮ್ಮ ಪ್ರವಾಸ ಶುರುವಾದದ್ದು, ನಡುದಾರಿಯಲ್ಲಿ ನಿಂತುಹೋದದ್ದು, ಮತ್ತೆ ಹೊರಟದ್ದು ಎಲ್ಲವೂ ಸೈಕಲ್ಲಿನ ಹಿಂದಿನ ಗಾಲಿಯ ನಡುವೆ ಕೂತಿರುವ ಮುಷ್ಟಿಯಷ್ಟು ದೊಡ್ಡ ಕಬ್ಬಿಣದ ಸಾಮಾನಿನಿಂದ. ಕಡ್ಡಿಗಳೆಲ್ಲ ಬಂದು ಸೇರುವ ಆ ಗುಂಬಕ್ಕೆ ನಮ್ಮ ಕಡೆ ಹಬ್ಬು ಎನ್ನುತ್ತಾರೆ. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ನವಲಗುಂದ

ನಾನು ತಿರ್ಲಾಪುರದ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಮನೆ ನವಲಗುಂದದಲ್ಲಿ. ದಿನಾ ಸೈಕಲ್ಲಿನ ಮೇಲೆ ಹೋಗಿಬರುತ್ತೇನೆ. ಮೊದಮೊದಲು ಓಣಿಯವರು ಮಾಡುವ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಈಗ ಯಾವತ್ತಾದರೂ ನಡೆದುಕೊಂಡು ಹೊರಟರೆ "ಯಾಕ್ರಿ ಅಕ್ಕೋರ, ಗಾಡಿ ಕೆಟ್ಟೈತೇನು?" ಎಂದು ಅವರೇ ಕೇಳುತ್ತಾರೆ.

ಅಪ್ಪ ಅಣ್ಣಿಗೇರಿಯ ಅರಳೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದ. ಮೂವತ್ತು ವರ್ಷ ಅರಳೆಯ ಧೂಳು ಕುಡಿದ ಎದೆ ಅವನದು. ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟ. ಕೆಮ್ಮು ಬಂದರೆ ಕೆಮ್ಮುತ್ತಿದ್ದ, ಬಾರದಿದ್ದರೆ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಇದು ಕ್ಷಯವಲ್ಲ, ಧೂಳಿನ ಕೆಮ್ಮು, ಒಳ್ಳೆಯ ಗಾಳಿ ಇರುವ ಕಡೆ ನಿಧಾನಕ್ಕೆ ತಿರುಗಾಡಿಸಿರಿ ಎಂದರು.

ಆ ವರ್ಷ ನಮ್ಮ ಓಣಿಯ ಒಬ್ಬರು ಕಾಶಿ, ನೇಪಾಳದ ಯಾತ್ರೆ ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ವರ್ಣನೆ ಮಾಡಿದರು. ದೇವರ ಸುದ್ದಿಗೆ ಅಪ್ಪ ಹೂಂ ಅನ್ನುತ್ತಿದ್ದ, ಅಷ್ಟೇ. ಆದರೆ ನೇಪಾಳದಲ್ಲಿ ಬಸ್ಸು ಮುಂಜಾನೆಯಿಂದ ಮಧ್ಯಾಹ್ನದ ತನಕ ಒಂದೇ ಗುಡ್ಡ ಹತ್ತುತ್ತದೆ ಎಂದಾಗ ಎದ್ದು ಕೂತ.

"ಒಂದ ಗುಡ್ಡ? ಮಧ್ಯಾಹ್ನದ ತನಕಾ?"

ನಮ್ಮ ಎರೆಹೊಲದಲ್ಲಿ ನಿಂತರೆ ಆಕಾಶ ನೆಲಕ್ಕೆ ಹತ್ತುವವರೆಗೂ ಕಣ್ಣಿಗೆ ಅಡ್ಡಿಯಿಲ್ಲ. ಊರ ಬಾಜುವಿಗೆ ಗುಡ್ಡವೊಂದಿದೆ, ಆದರೆ ಅದನ್ನು ಹತ್ತಿ ಇಳಿದು ಬರುವಷ್ಟರಲ್ಲಿ ಒಲೆಯ ಮೇಲಿಟ್ಟ ಅನ್ನವೂ ಬೆಂದಿರುವುದಿಲ್ಲ. ಮಾರನೆಯ ದಿನ ಅಪ್ಪ ನನ್ನನ್ನು ಕೇಳಿದ: "ನೀಲಾ, ಅಕ್ಟೋಬರ ಸೂಟಿ ಎಷ್ಟ ದಿನಾ ಇರತೈತಿ ಬೇ? ಗಡೀ ತನಕಾ ರೈಲಿಗೆ ಹೋಗೂಣು. ಅಲ್ಲಿಂದ ಸೈಕಲ್ಲು. ಬಸ್ಸಿನ ಕಿಡಕ್ಯಾಗ ನೋಡಿದ್ದು ನೋಡಿಧಂಗಲ್ಲ."

ಅವ್ವ ಒಳಗಿನಿಂದಲೇ ಹೇಳಿದಳು: "ಅಪ್ಪಗೂ ಮಗಳಿಗೂ ಒಮ್ಮಿಗೇ ಹುಚ್ಚ ಹಿಡದೈತಿ. ನಾ ಬರಂಗಿಲ್ಲ. ಮನಿ ಕಾಯಾಕ ಒಬ್ಬರರೆ ಶಾಣ್ಯಾರು ಬೇಕು."

ಊರವರಿಗೆ ಪಶುಪತಿನಾಥನ ದರ್ಶನಕ್ಕೆ ಎಂದು ಹೇಳಿದೆವು. ಹಾಗೆ ಹೇಳಿದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಏರು ಹತ್ತುವುದಕ್ಕೆ ಗಾಲಿಗಳು ಗಟ್ಟಿ ಬೇಕು. ನನ್ನ ಸೈಕಲ್ಲಿನ ಹಿಂದಿನ ಹಬ್ಬು ಎರೆಯ ರಾಡಿಯಲ್ಲಿ ಓಡಾಡಿ ಒಳಗಿನ ಗುಂಡುಗಳೆಲ್ಲ ಸವೆದಿದ್ದವು. ಅಪ್ಪನ ಹಳೆಯ ಸೈಕಲ್ಲಿನದೂ ಅದೇ ಸ್ಥಿತಿ. ಬಸ್‌ಸ್ಟ್ಯಾಂಡಿನ ಹತ್ತಿರ ಹುಸೇನಸಾಬನ ಸೈಕಲ್ ಅಂಗಡಿಗೆ ಹೋದೆವು. ಹುಸೇನಸಾಬ ಯಮನೂರಿನವನು, ನನಗೆ ಸೈಕಲ್ ಕಲಿಸಿದವನೂ ಅವನೇ. ಗೋಣಿಚೀಲ ಹಾಸಿ ಅದರ ಮೇಲೆ ಮೂರು ಹಬ್ಬು ಇಟ್ಟ.

"ಇದು ನಮ್ಮ ದೇಶೀ. ಇದು ಹಿಂದಕ ತುಳದ್ರ ನಿಲ್ಲೂ ಹಬ್ಬು, ಕೈಬ್ರೇಕ ಬೇಕಾಗೂದಿಲ್ಲ. ಮತ್ತ ಇದು..." ಎಂದು ಮೂರನೆಯದನ್ನು ಅಂಗಿಯ ಚುಂಗಿನಿಂದ ಒರೆಸಿದ. "ಇದು ವಿಲಾಯತೀದು. ಇದರ ಹೊಟ್ಯಾಗ ಮೂರ ಗೇರ ಅದಾವ. ಹುಬ್ಬಳ್ಳಿ ಗುಜರಿಯೊಳಗ ಸಿಕ್ಕಿತು. ಏರಿಗೆ ಸಣ್ಣ ಗೇರ ಹಾಕಿದ್ರ ಅಗದಿ ಹಗರ, ಕಾಕಾ. ಹುಡುಗ್ಯಾರ ಸೈತ ಹತ್ತತಾರ."

ಕೊನೆಯ ಮಾತು ಆಡಬಾರದಿತ್ತು. ಅಪ್ಪ ಮೂರನೆಯದನ್ನು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಿರುಗಿಸಿದ. ಟಿಕ್ ಟಿಕ್ ಎಂದಿತು.

"ಒಳಗ ಏನೈತಿ ಅಂತ ನೋಡೀಯೇನೋ ಹುಸೇನ?"

"ಇಲ್ರಿ. ತೆರದ್ರ ತಿರುಗಿ ಹಾಕಾಕ ಬರಂಗಿಲ್ಲ ಅಂತ ಹುಬ್ಬಳ್ಳಿ ಮಿಸ್ತ್ರಿ ಹೇಳ್ಯಾನ."

"ಹಂಗಾರ ಇದು ಸೈಕಲ್ಲಿಂದಲ್ಲ, ಮಾಟಗಾರಂದು," ಎಂದು ಅಪ್ಪ ಅದನ್ನು ಕೆಳಗಿಟ್ಟ. ಹಿಂದಕ್ಕೆ ತುಳಿಯುವ ಹಬ್ಬನ್ನು ಮುಟ್ಟಲೇ ಇಲ್ಲ. ಮೈಲುಗಟ್ಟಲೆ ಇಳಿಜಾರಿನಲ್ಲಿ ಅದು ಕಾದು, ಒಳಗಿನ ಗ್ರೀಸು ಸುಟ್ಟು, ಬೇಕಾದಾಗಲೇ ಕೈ ಕೊಡುತ್ತದೆ ಎಂದ. ಅಂಥ ಇಳಿಜಾರು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಆದರೆ ಕಬ್ಬಿಣ ಕಾದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ದೇಶೀ ಹಬ್ಬನ್ನು ಎತ್ತಿಕೊಂಡ. "ಒಂದ ಅಚ್ಚು, ಎರಡ ಕೋನು, ಹದಿನೆಂಟ ಗುಂಡು. ಕಣ್ಣ ಮುಚ್ಚಿ ಬಿಚ್ಚತೀನಿ, ಕಣ್ಣ ಮುಚ್ಚಿ ಹಾಕತೀನಿ. ಪರದೇಶದಾಗ ನಮ್ಮ ಕೈಯಾಗ ಬರೂದನ್ನ ಒಯ್ಯಬೇಕು."

ನನ್ನ ಮನಸ್ಸು ಮೂರು ಗೇರಿನದರ ಮೇಲಿತ್ತು. ನನಗಾಗಿ ಅಲ್ಲ. ಆ ಎದೆ ಹೊತ್ತುಕೊಂಡು ಅಪ್ಪ ಗುಡ್ಡ ಹತ್ತುವುದು ಹೇಗೆ ಎಂಬ ಚಿಂತೆ. ಅದನ್ನು ಬಾಯಿಬಿಟ್ಟು ಹೇಳಿದರೆ ಪ್ರವಾಸವೇ ನಿಲ್ಲುತ್ತಿತ್ತು. "ನನ್ನ ಗಾಡಿಗೆ ಇದು ಇರಲಿ ಅಪ್ಪಾ, ನನಗ ಏರು ಹತ್ತಾಕ ಆಗೂದಿಲ್ಲ," ಎಂದೆ. ಏರು ಬಂದಾಗ ಅದಲುಬದಲು ಮಾಡಿಕೊಂಡರಾಯಿತು ಎಂಬ ಲೆಕ್ಕ ಹಾಕಿದ್ದೆ. ಅಪ್ಪ ನನ್ನನ್ನೊಮ್ಮೆ ನೋಡಿ ಎರಡೂ ಹಬ್ಬು ಎತ್ತಿಕೊಂಡ. ಎರಡೂ ಗಾಲಿಗಳಿಗೆ ನಲವತ್ತು ನಲವತ್ತು ಕಡ್ಡಿ ತಾನೇ ಹೆಣೆದ. ಮಾಟಗಾರನ ಗಾಲಿಯನ್ನು ಗೊಣಗುತ್ತಲೇ ಹೆಣೆದರೂ ಅದು ಎಳ್ಳಷ್ಟೂ ವಾಲದಂತೆ ತಿರುಗುತ್ತಿತ್ತು.

ರಕ್ಸೌಲ್

ರೈಲಿನ ಪ್ರಯಾಣದ ಬಗ್ಗೆ ಬರೆಯುವುದಿಲ್ಲ, ಅದನ್ನು ಮರೆಯಬೇಕೆಂದೇ ಇದ್ದೇನೆ. ಗಡಿಯಲ್ಲಿ ಇಳಿದಾಗ ಅಪ್ಪನ ಸೈಕಲ್ಲಿನ ಹ್ಯಾಂಡಲ್ಲು ಎಡಕ್ಕೆ, ಗಾಲಿ ಬಲಕ್ಕೆ ನೋಡುತ್ತಿದ್ದವು. ಪ್ಲಾಟ್‌ಫಾರ್ಮಿನ ಮೇಲೇ ಕೂತು ಅಪ್ಪ ಸರಿಮಾಡಿದ. ಸುತ್ತ ಮಂದಿ ಕೂಡಿತು. ಬಿಹಾರದಲ್ಲಿ ಕೆಲಸ ಮಾಡುವವನ ಸುತ್ತ ನಿಲ್ಲುವವರು ಸುಮ್ಮನೆ ನಿಲ್ಲುವುದಿಲ್ಲ, ಪ್ರತಿಯೊಬ್ಬರೂ ಒಂದೊಂದು ಸಲಹೆ ಕೊಡುತ್ತಾರೆ. ಅಪ್ಪ ಎಲ್ಲರಿಗೂ "ಹೌದ್ರಿ, ಹೌದ್ರಿ" ಎನ್ನುತ್ತ ತನಗೆ ತಿಳಿದಂತೆ ಮಾಡಿದ.

ಆಚೆ ಕಡೆಯ ಕಟ್ಟೆಯಲ್ಲಿ ನೇಪಾಳದ ಸುಂಕದವನು ನನ್ನ ಹಿಂದಿನ ಗಾಲಿಯ ದಪ್ಪ ಹಬ್ಬನ್ನು ಬೆರಳಿನಿಂದ ತಟ್ಟಿದ. ಇದರೊಳಗೆ ಏನಿದೆ ಎಂದು ಹಿಂದಿಯಲ್ಲಿ ಕೇಳಿದ. ಮೂರು ಗೇರು ಎಂದೆ. ನಂಬಲಿಲ್ಲ. ತೆಗೆದು ತೋರಿಸು ಎಂದ. ಅಪ್ಪ ನನ್ನ ಕಡೆ ನೋಡಿ, "ನೋಡ, ನಾ ಹೇಳಿದ್ನಿಲ್ಲ?" ಎಂಬಂತೆ ಹುಬ್ಬು ಹಾರಿಸಿದ. ಬೇಕಾದರೆ ನೀವೇ ಹತ್ತಿ ನೋಡಿರಿ ಎಂದು ಸೈಕಲ್ಲು ಅವನ ಕೈಗೆ ಕೊಟ್ಟೆ. ಆ ದಪ್ಪ ಮೀಸೆಯವನು ಹೆಂಗಸರ ಸೈಕಲ್ಲು ಹತ್ತಿ ಅಂಗಳದಲ್ಲಿ ಒಂದು ಸುತ್ತು ಹಾಕಿದ, ಗೇರು ಬದಲಿಸಿ ಇನ್ನೊಂದು ಸುತ್ತು, ಮತ್ತೆ ಇನ್ನೊಂದು. ಸಾಲಿನಲ್ಲಿ ನಿಂತವರು ಕೂಗಾಡತೊಡಗಿದ ಮೇಲೆಯೇ ಇಳಿದದ್ದು. ನಮ್ಮ ಗಂಟುಗಳನ್ನು ಬಿಚ್ಚಿಯೂ ನೋಡಲಿಲ್ಲ.

ಹೆಟೌಡಾ ದಾಟಿದ ಮೇಲೆ

ಮೊದಲ ಎರಡು ದಿನ ಸಾಲ್ ಮರಗಳ ಕಾಡು, ಹದವಾದ ರಸ್ತೆ. ಹೆಟೌಡಾ ದಾಟಿದ ಮೇಲೆ ನೆಲ ಎದ್ದು ನಿಂತಿತು. ರಸ್ತೆ ಒಂದು ಮಡಿಕೆ ಹತ್ತಿ ತಿರುಗುತ್ತದೆ, ತಿರುಗಿದರೆ ತಲೆಯ ಮೇಲೆ ಇನ್ನೊಂದು ಮಡಿಕೆ. ಕುತ್ತಿಗೆ ಎತ್ತಿ ನೋಡಿದ ಅಪ್ಪ, ನಮ್ಮ ಕಟ್ಟೆಯ ಮೇಲೆ ಕೂತು ವರ್ಣಿಸಿದವರನ್ನು ನೆನೆದು, "ಖರೇನ ಹೇಳ್ಯಾನ ಬೇ ಅಂವಾ!" ಎಂದು ನಕ್ಕ.

ನಗು ಬಹಳ ಹೊತ್ತು ಇರಲಿಲ್ಲ. ನೂರು ಮಾರು ತುಳಿದರೆ ಇಳಿಯಬೇಕು, ಐವತ್ತು ಮಾರು ತಳ್ಳಿದರೆ ನಿಲ್ಲಬೇಕು. ಉಸಿರಿನ ಜೊತೆ ಸಿಳ್ಳಿನಂಥ ಸದ್ದು ಬರತೊಡಗಿತು. ದಸರಾ ಹಬ್ಬಕ್ಕೆ ಕಾಠ್ಮಂಡುವಿಗೆ ಆಡು ಹೊಡೆದುಕೊಂಡು ಹೋಗುವವರು ಅದೇ ದಾರಿ ಹಿಡಿದಿದ್ದರು. ಒಂದೊಂದೇ ಹಿಂಡು ನಮ್ಮನ್ನು ಹಿಂದೆ ಹಾಕಿ ಮೇಲೇರಿತು. "ಹಬ್ಬಕ್ಕ ಅವಕ್ಕ ನಮಗಿಂತಾ ಅವಸರ," ಎಂದ ಅಪ್ಪ, ಅಷ್ಟು ಹೇಳಲು ಎರಡು ಸಲ ಉಸಿರೆಳೆದುಕೊಂಡ.

ನಾನು ಸೈಕಲ್ಲು ಅವನ ಮುಂದೆ ನಿಲ್ಲಿಸಿದೆ. "ಅಪ್ಪಾ, ನಿನ್ನ ಗಾಡಿ ನನಗ ಕೊಡು. ಇದರ ಸೀಟು ನನಗ ಒತ್ತಾಕತ್ತೈತಿ."

ಅಪ್ಪ ತಲೆ ಎತ್ತಿದ. "ಸುಳ್ಳ ಹೇಳಾಕ ಬರೂದಿಲ್ಲ ನಿನಗ. ಹುಸೇನನ ಅಂಗಡ್ಯಾಗೂ ಬಂದಿರಲಿಲ್ಲ."

ಆದರೂ ಕೊಟ್ಟ. ನಾನು ಸೀರೆ ಕಚ್ಚೆ ಹಾಕಿ ಅವನ ಸೈಕಲ್ಲು ಹತ್ತಿದೆ. ಅವನು ಧೋತರದಲ್ಲಿ ನನ್ನದನ್ನು ಹತ್ತಿದ. ನಡುವೆ ಅಡ್ಡ ಪಟ್ಟಿಯಿಲ್ಲದ ಆ ಸೈಕಲ್ಲು ಧೋತರಕ್ಕೆ ಹೇಳಿ ಮಾಡಿಸಿದಂತಿತ್ತು. ಸಣ್ಣ ಗೇರಿನಲ್ಲಿ ನಿಧಾನವಾಗಿ, ಸಿಳ್ಳು ಇಲ್ಲದೆ, ಅಪ್ಪ ಮೂರು ಮಡಿಕೆ ಹತ್ತಿದ. ನಾನೇ ಹಿಂದೆ ಬಿದ್ದೆ.

ನಾಲ್ಕನೆಯ ತಿರುವಿನಲ್ಲಿ ಲಾರಿಯೊಂದು ಎದುರು ಬಂತು. ದಾರಿ ಬಿಡಲು ಅಪ್ಪ ಬಂಡೆಯ ಕಡೆ ವಾಲಿದ, ಸೈಕಲ್ಲು ಬಲಕ್ಕೆ ಬಿತ್ತು. ಅಪ್ಪನಿಗೆ ಮೊಣಕೈ ತರಚಿತು, ಅಷ್ಟೇ. ಆದರೆ ಹಬ್ಬಿನ ಅಚ್ಚಿನಿಂದ ಹೊರಬಂದು ಗೇರಿನ ತಂತಿಗೆ ಸೇರುವ ಬೆರಳುದ್ದದ ಸರಪಳಿ ಕಲ್ಲಿಗೆ ತಾಗಿ ಬುಡದಲ್ಲೇ, ಅಚ್ಚಿನ ಒಳಗೇ ಮುರಿಯಿತು. ಅದು ಮುರಿದರೆ ಈ ಹಬ್ಬು ತಾನಾಗಿಯೇ ಎಲ್ಲಕ್ಕಿಂತ ಭಾರದ ಗೇರಿಗೆ ಹೋಗಿ ಕೂರುತ್ತದೆ. ಈಗ ಅದು ದೇಶೀ ಹಬ್ಬಿಗಿಂತ ಕಡೆಯಾಯಿತು.

ಚಹಾದ ಮನೆ

ಸಂಜೆಗೆ ಸೈಕಲ್ಲುಗಳನ್ನು ತಳ್ಳಿಕೊಂಡು ರಸ್ತೆಯಂಚಿನ ಒಂದು ಚಹಾದ ಮನೆ ಸೇರಿದೆವು. ಮನೆಯ ಯಜಮಾನ ಎಪ್ಪತ್ತು ದಾಟಿದ ಮುದುಕ. ಎಲ್ಲರೂ ಅವನನ್ನು ಬಾಜೆ, ಎಂದರೆ ಅಜ್ಜ, ಎಂದು ಕರೆಯುತ್ತಿದ್ದರು. ಬಿಹಾರದಲ್ಲಿ ಕೂಲಿ ಮಾಡಿದ್ದರಿಂದ ಅವನಿಗೆ ಹಿಂದಿ ಬರುತ್ತಿತ್ತು. ಸೈಕಲ್ ರಿಪೇರಿ ಮಾಡುವವರು ಇದ್ದಾರೆಯೇ ಎಂದು ಕೇಳಿದೆ. ಈ ಗುಡ್ಡದಲ್ಲಿ ಸೈಕಲ್ಲು ಇಟ್ಟುಕೊಳ್ಳುವ ಮೂರ್ಖರು ಇಲ್ಲ ಎಂದ. ಆಮೇಲೆ ನಾವು ಬೇಸರ ಮಾಡಿಕೊಂಡೆವೇನೋ ಎಂದು ಇನ್ನೊಂದು ಲೋಟ ಚಹಾ ತಂದಿಟ್ಟ.

ಈ ರಸ್ತೆ ಆಗುವ ಮುಂಚೆ, ಹರೆಯದಲ್ಲಿ, ಅವನು ಮೋಟಾರು ಹೊತ್ತವನು. ದೊರೆಗಳಿಗೆ ಬಂದ ಮೋಟಾರನ್ನು ಗಾಲಿ ಬಿಚ್ಚಿ, ಬಿದಿರಿನ ಗಳಗಳಿಗೆ ಕಟ್ಟಿ, ಹತ್ತಾರು ಮಂದಿ ಹೆಗಲಿನ ಮೇಲೆ ಹೊತ್ತು ಗುಡ್ಡ ದಾಟಿಸುತ್ತಿದ್ದರಂತೆ. ಹೆಗಲಿನ ಗಂಟು ತೋರಿಸಿದ. ನಾನು ಬೆರಗಾಗಿ ಕೂತೆ. ಅಪ್ಪ ಫಿಟ್ಟರನ ಪ್ರಶ್ನೆ ಕೇಳಿದ: "ಎಂಜಿನ್ನ ಬಿಚ್ಚಿ ಬ್ಯಾರೆ ಹೊತ್ತರಂತೋ, ಕೂಡೇ ಹೊತ್ತರಂತೋ, ಕೇಳ ಬೇ." ಕೂಡಿಯೇ ಹೊತ್ತರು ಎಂದಾಗ ಅಪ್ಪ ಎದ್ದು ಅವನ ಹೆಗಲು ಮುಟ್ಟಿ ನೋಡಿದ.

ಬಾಜೆಗೆ ಹುರುಪು ಬಂತು. ನಾಡಿದ್ದು ನಿಮ್ಮನ್ನು ಕಣಿವೆಯ ನೆತ್ತಿಗೆ ಮುಟ್ಟಿಸುತ್ತೇನೆ, ಮಗ ಸೈಕಲ್ಲು ಹೊರುತ್ತಾನೆ, ನಿನ್ನ ಅಪ್ಪನನ್ನು ಬುಟ್ಟಿಯಲ್ಲಿ ಕೂಡಿಸಿ ನಾನು ಹೊರುತ್ತೇನೆ ಎಂದ. ಅಲ್ಲಿ ಮುದುಕರನ್ನು, ರೋಗಿಗಳನ್ನು ಹಾಗೆ ಹಣೆಗೆ ಪಟ್ಟಿ ಕಟ್ಟಿಕೊಂಡು ಬೆನ್ನ ಮೇಲೆ ಒಯ್ಯುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪನ ಮುಖ ಕಪ್ಪಿಟ್ಟಿತು.

"ನನಗಿಂತಾ ಹತ್ತ ವರ್ಷ ದೊಡ್ಡಾಂವ, ನನ್ನ ಹೊರತಾನಂತ?"

"ಬ್ಯಾಡ ಅಪ್ಪಾ. ಬಸ್ಸಿನ ಮ್ಯಾಲ ಸೈಕಲ್ಲ ಹಾಕಿ ಹೋಗೂಣು," ಎಂದೆ.

ಜಗಳವಾಡುತ್ತಾನೆ ಎಂದುಕೊಂಡಿದ್ದೆ. "ನೀ ಹೇಳೂದು ಖರೆ ಐತಿ," ಎಂದುಬಿಟ್ಟ. "ನಾ ಮನಿ ಬಿಟ್ಟು ಬರಬಾರದಾಗಿತ್ತು." ಮತ್ತೆ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ದಾರಿಯಲ್ಲಿ ಕೇಳಿದ ಸಿಳ್ಳಿಗಿಂತ ಆ ಮಾತಿಗೆ ನಾನು ಹೆದರಿದೆ.

ಮರುದಿನ ದಶಮಿ. ಅಲ್ಲಿ ಅದು ವರ್ಷದ ದೊಡ್ಡ ಹಬ್ಬ, ಬಸ್ಸು ಓಡಲಿಲ್ಲ. ಎದುರು ದಿಬ್ಬದ ಮೇಲೆ ಬಿದಿರಿನ ಎತ್ತರದ ಜೋಕಾಲಿ ಕಟ್ಟಿದ್ದರು. ಹಿತ್ತಿಲಲ್ಲಿ ಆಡು ಕಡಿಯುವ ಸಿದ್ಧತೆ ನಡೆದಿತ್ತು. ನಾವು ಲಿಂಗವಂತರು, ಅತ್ತ ನೋಡಲಾಗದೆ ಅಪ್ಪ ರಸ್ತೆಯ ಕಡೆಯ ಜಗಲಿಗೆ ಬಂದು ಗೋಡೆಗೆ ಮುಖ ಮಾಡಿ ಕೂತ. ಗೋಡೆಗೆ ನನ್ನ ಸೈಕಲ್ಲು ಆನಿಸಿತ್ತು. ಬಹಳ ಹೊತ್ತು ಅದನ್ನೇ ನೋಡಿದ.

"ನೀಲಾ, ಒಂದ ಗಂಗಾಳ ಇಸಗೊಂಡ ಬಾ. ಹೆಂಗೂ ಕೆಟ್ಟೈತಿ. ಇನ್ನೂ ಕೆಡಸಿದ್ರ ಏನ ಆದೀತು?"

ಗಾಲಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ. ಬಿಗಿಯಾಗಿ ಕೂತ ಬಳೆಯನ್ನು ಉಳಿ ಮತ್ತು ಕಲ್ಲಿನಿಂದ ತಟ್ಟಿ ತಟ್ಟಿ ತಿರುಗಿಸಿದ. ಒಳಗಿನ ಯಂತ್ರ ಇಡಿಯಾಗಿ ಅವನ ಅಂಗೈಗೆ ಬಂತು. ಹಿತ್ತಾಳೆಯ ಗಂಗಾಳದಲ್ಲಿ ಒಂದೊಂದೇ ಭಾಗವನ್ನು ತೆಗೆದ ಕ್ರಮದಲ್ಲೇ ಸುತ್ತ ಇಟ್ಟ. ನಡುವಿನ ಅಚ್ಚಿಗೆ ಅಂಟಿದ ಒಂದು ಹಲ್ಲಿನ ಗಾಲಿ, ಅದರ ಸುತ್ತ ತಿರುಗುವ ನಾಲ್ಕು ಪುಟ್ಟ ಗಾಲಿಗಳು. ಅಪ್ಪ ಅವನ್ನು ಬೆರಳಿನಿಂದ ತಿರುಗಿಸಿದ. ನಿಲ್ಲಿಸಿದ. ಮತ್ತೆ ತಿರುಗಿಸಿದ.

"ಎಂಥಾ ಶಾಣ್ಯಾ ಇದ್ದಾನ ಬೇ ಇದನ್ನ ಮಾಡಿದಾಂವಾ! ನೋಡಿಲ್ಲೆ, ಸೂರ್ಯಾನ ಸುತ್ತ ಗ್ರಹ ತಿರಗಿಧಂಗ. ನಿಮ್ಮ ಸಾಲ್ಯಾಗ ಇದನ್ನ ಅಲ್ಲೇನು ಕಲಸೂದು?"

ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದು ಕೇಳಿ ವರ್ಷವಾಗಿತ್ತು. ಅಚ್ಚು ಟೊಳ್ಳಾಗಿತ್ತು. ಅದರೊಳಗೆ ಅಡ್ಡ ಕೂತ ಒಂದು ಚಿಕ್ಕ ಕೀಲನ್ನು ಮುರಿದ ಸರಪಳಿ ಎಳೆಯುತ್ತಿತ್ತು. ಪೂರ್ತಿ ಎಳೆದು ಹಿಡಿದರೆ ಸಣ್ಣ ಗೇರು, ಬಿಟ್ಟರೆ ಭಾರದ್ದು. ಕೀಲಿನಲ್ಲಿ ಸಣ್ಣ ತೂತಿತ್ತು. ಅಪ್ಪ ನನ್ನ ತಲೆಯ ಕಡೆ ಕೈ ಚಾಚಿ ಮುಡಿಯ ಉಕ್ಕಿನ ಪಿನ್ನನ್ನು ಎಳೆದುಕೊಂಡ. ಅದನ್ನು ನೆಟ್ಟಗೆ ಮಾಡಿ, ತೂತಿನಲ್ಲಿ ಪೋಣಿಸಿ ಮಡಚಿ, ಟೊಳ್ಳಿನೊಳಗಿಂದ ಹೊರಗೆ ತಂದ. ಎಲ್ಲ ತಿರುಗಿ ಜೋಡಿಸುವಾಗ ಒಂದು ಕೂದಲಿನಂಥ ಸ್ಪ್ರಿಂಗು ಅವನ ದಪ್ಪ ಬೆರಳಿಗೆ ಸಿಗಲಿಲ್ಲ. ಅದನ್ನು ನಾನು ಕೂಡಿಸಿದೆ. ಪಿನ್ನಿನ ತುದಿಯನ್ನು ಬಿಗಿದೆಳೆದು ಸೈಕಲ್ಲಿನ ಚೌಕಟ್ಟಿಗೆ ಕಟ್ಟಿಬಿಟ್ಟೆವು. ಇನ್ನು ಗೇರು ಬದಲಿಸುವಂತಿಲ್ಲ, ಆದರೆ ಬೇಕಾದದ್ದು ಸಣ್ಣ ಗೇರೇ. ಪೆಡಲು ತಿರುಗಿಸಿದ. ಗಾಲಿ ತಿರುಗಿತು.

ಬಾಜೆ ಹಬ್ಬದ ಹೊಸ ಟೋಪಿ ಹಾಕಿಕೊಂಡು ಬಂದ. ಅಲ್ಲಿ ದಶಮಿಗೆ ಹಿರಿಯರು ಕುಂಕುಮ, ಮೊಸರು, ಅಕ್ಕಿ ಕಲಸಿ ಕಿರಿಯರ ಹಣೆಗೆ ಅಂಗೈಯಗಲ ಹಚ್ಚುತ್ತಾರೆ, ಕಿವಿಗೆ ಹಳದಿ ಸಸಿ ಸಿಕ್ಕಿಸುತ್ತಾರೆ. ನವರಾತ್ರಿಯ ಘಟದಲ್ಲಿ ಬೆಳೆಸಿದ ಸಸಿಯನ್ನು ನಾವೂ ಹೀಗೇ ಸಿಕ್ಕಿಸಿಕೊಳ್ಳುತ್ತೇವೆ ಎಂದಾಗ ಅವನು ಬಹಳ ಖುಷಿಪಟ್ಟ. ಅಪ್ಪನ ವಿಭೂತಿಯ ಮೇಲೆಯೇ ಕೆಂಪು ಅಕ್ಕಿ ಮೆತ್ತಿದ. ಅಪ್ಪ ಬೇಲಿಯಿಂದ ನಾಲ್ಕು ಎಲೆ ಕಿತ್ತು ಅವನ ಕೈಯಲ್ಲಿಟ್ಟು, "ಬನ್ನಿ ಇಲ್ಲ ಇಲ್ಲೆ. ಇದನ್ನ ತಗೋರಿ, ಬಂಗಾರದಂಗ ಇರೂಣು," ಎಂದ. ಬಂಗಾರ ಎಂಬುದನ್ನು ನಾನು ಹಿಂದಿಯಲ್ಲಿ ಹೇಳಿದ ಮೇಲೆ ಬಾಜೆ ಆ ಎಲೆಗಳನ್ನು ಟೋಪಿಯೊಳಗೆ ಜೋಪಾನ ಮಾಡಿಕೊಂಡ. ನಮಗಾಗಿ ಬೇರೆ ಪಾತ್ರೆಯಲ್ಲಿ ಅವಲಕ್ಕಿ, ಮೊಸರು ತಂದುಕೊಟ್ಟರು. ಆ ಹಬ್ಬದೂಟ ನಮ್ಮ ಮನೆಯ ಸೋಮವಾರದ ಫಳಾರದಂತೆಯೇ ಇತ್ತು.

ಕಣಿವೆಯ ನೆತ್ತಿ

ಮುಂಜಾನೆ ಹೊರಟೆವು. ಸಣ್ಣ ಗೇರಿನಲ್ಲಿ ಆ ಹಬ್ಬು ಟಿಕ್ ಟಿಕ್ ಅನ್ನುವುದಿಲ್ಲ, ಸದ್ದಿಲ್ಲದೆ ತಿರುಗುತ್ತದೆ. ಅಪ್ಪ ತುಳಿದ, ನಿಂತ, ನೀರು ಕುಡಿದ, ತುಳಿದ. ಕೆಮ್ಮು ಎರಡು ಸಲ ಬಂತು. ಎರಡು ಸಲವೂ ಸೈಕಲ್ಲಿನ ಮೇಲೆ ಬಾಗಿ ಅದು ಮುಗಿಯುವ ತನಕ ಕಾದ. ಹೊತ್ತು ಏರಿದ ಮೇಲೆ ಬಸ್ಸೊಂದು ಹಿಂದಿನಿಂದ ಬಂದು ನಿಧಾನಿಸಿತು. ಕಂಡಕ್ಟರು ಮೇಲಿನ ಕ್ಯಾರಿಯರು ತೋರಿಸಿ, ಹತ್ತಿರಿ ಎಂದು ಕೈ ಮಾಡಿದ. ನಾನು ಅಪ್ಪನ ಮುಖ ನೋಡಿದೆ. ಅವನು ಹ್ಯಾಂಡಲ್ಲು ಬಿಡದೆ ಒಂದೇ ಬೆರಳು ಎತ್ತಿ, ಹೋಗ್ರಿ ಎಂದು ಸನ್ನೆ ಮಾಡಿದ. ಕಿಟಕಿಗಳಿಂದ ಹಣೆಗೆ ಕೆಂಪು ಅಕ್ಕಿ ಹಚ್ಚಿಕೊಂಡ ಮುಖಗಳು ತಿರುಗಿ ತಿರುಗಿ ನೋಡಿದವು.

ಮಧ್ಯಾಹ್ನ ದಾಟಿದ ಮೇಲೆ ಏರು ಮುಗಿಯಿತು. ಆಚೆ ಉತ್ತರದ ತುಂಬ ಬಿಳಿ ಬೆಟ್ಟಗಳ ಸಾಲು. ಇದೇ ಆ ಹಿಮಾಲಯ. ಅದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅಪ್ಪ ನೋಡಿ, "ಇಷ್ಟ ದೊಡ್ಡದಿರತೈತಿ ಅಂತ ಯಾರೂ ಹೇಳಲೇ ಇಲ್ಲಲ್ಲ ಬೇ," ಎಂದು ಯಾರ ಮೇಲೋ ಸಿಟ್ಟು ಬಂದವನಂತೆ ಹೇಳಿ ರಸ್ತೆಯ ಅಂಚಿನಲ್ಲಿ ಕೂತ. ನಾನು ಅವನ ಬಾಜುವಿಗೆ ಕೂತೆ. ಮೋಡ ಬಂದು ಮುಚ್ಚುವ ತನಕ ಇಬ್ಬರೂ ಏಳಲಿಲ್ಲ.

ಕಾಠ್ಮಂಡು

ಕಾಠ್ಮಂಡುವಿನಲ್ಲಿ ಒಂದು ಕೆರೆಯ ಹತ್ತಿರದ ಓಣಿಯಲ್ಲಿ ಸೈಕಲ್ ಅಂಗಡಿ ಕಂಡಿತು. ಹೀರಾಮಾನ್ ಎಂಬುವನದು. ಬ್ರೇಕಿನ ರಬ್ಬರು ಬೇಕಿತ್ತು, ಇಳಿಜಾರಿನಲ್ಲಿ ಅವು ಸವೆದು ಹೋಗಿದ್ದವು. ರಬ್ಬರು ಹಾಕುತ್ತಿದ್ದವನು ಅಚ್ಚಿನಿಂದ ಹೊರಬಂದ ಮುಡಿಪಿನ್ನನ್ನು ಕಂಡು ಕೈ ನಿಲ್ಲಿಸಿದ. ಇದನ್ನು ಯಾರು ಮಾಡಿದರು ಎಂದು ಕೇಳಿದ. ಅಪ್ಪನನ್ನು ತೋರಿಸಿದೆ. ಅವನು ಒಳಗೆ ಹೋಗಿ ಒಂದು ಡಬ್ಬಿ ತಂದು ನೆಲಕ್ಕೆ ಸುರಿದ. ಅಂಥವೇ ಐದು ಹಬ್ಬುಗಳು. ಹಳೆಯ ದೊಡ್ಡ ಮನೆಗಳಿಂದ, ಪರದೇಶದವರು ಬಿಟ್ಟುಹೋದ ಸೈಕಲ್ಲುಗಳಿಂದ ಬಂದವು. ಕೆಟ್ಟ ಮೇಲೆ ತೆರೆಯಲು ಯಾರಿಗೂ ಧೈರ್ಯವಿಲ್ಲ ಎಂದ.

ಅಪ್ಪ ಧೋತರ ಮೇಲೆ ಕಟ್ಟಿ ಕೂತ.

ಮೂರು ದಿನ ಅಲ್ಲಿಯೇ ಕೂತ. ಊರಿನ ಮರದ ಕೆತ್ತನೆಯ ಮನೆಗಳನ್ನು, ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿ ಬಿಸಿಲಿಗೆ ಬೆನ್ನು ಕೊಟ್ಟು ಕೂರುವ ಹೆಂಗಸರನ್ನು ನಾನೊಬ್ಬಳೇ ನೋಡಿಬಂದೆ. ಬಂದು ನೋಡಿದಾಗಲೆಲ್ಲ ಅಪ್ಪ ಹೀರಾಮಾನನಿಗೆ ನವಲಗುಂದದ ಕನ್ನಡದಲ್ಲಿ ಪಾಠ ಹೇಳುತ್ತಿದ್ದ, ಅವನು ನೇಪಾಳಿಯಲ್ಲಿ ಪ್ರಶ್ನೆ ಕೇಳುತ್ತಿದ್ದ, ಇಬ್ಬರಿಗೂ ನನ್ನ ಹಿಂದಿಯ ಅಗತ್ಯ ಬೀಳಲಿಲ್ಲ. ಎರಡನೆಯ ದಿನ ಒಂದು ಹಬ್ಬಿನಿಂದ ತೆಗೆದ ಸರಿಯಾದ ಸರಪಳಿಯನ್ನು ನನ್ನ ಸೈಕಲ್ಲಿಗೇ ಹಾಕಿಕೊಟ್ಟರು. ಮೂರನೆಯ ದಿನ, ನಾಳೆ ಹೊರಡಬೇಕು, ಗುಡಿಗೆ ಹೋಗೋಣ ಎಂದು ಕರೆಯಲು ಹೋದೆ.

"ಇದೊಂದ ಉಳದೈತಿ," ಎಂದ ಅಪ್ಪ, ತಲೆ ಎತ್ತದೆ. "ಈ ಸ್ಪ್ರಿಂಗು ನನ್ನ ಕೈಗೆ ಸಿಗಾಕ ಒಲ್ಲದು. ಬಾ, ಕುಂದ್ರು. ಹಿಡಿ ಇಲ್ಲೆ."

ಕೂತೆ. ಐದರಲ್ಲಿ ನಾಲ್ಕು ತಿರುಗಿದವು. ಕೊನೆಯದನ್ನು ಹೀರಾಮಾನ್ ಒಂದು ಸೈಕಲ್ಲಿಗೆ ಹಾಕಿ ಓಣಿಯ ತುದಿಯ ತನಕ ಹೋಗಿ, ಗೇರು ಬದಲಿಸುತ್ತ, ಗಂಟೆ ಬಾರಿಸುತ್ತ ತಿರುಗಿ ಬಂದ.

ಪಶುಪತಿಯ ಬಾಗಿಲಿಗೆ ನಾವು ಮುಟ್ಟಿದಾಗ ಸಂಜೆಯ ಆರತಿ ಶುರುವಾಗಿತ್ತು. ನಲ್ಲಿಯಲ್ಲಿ ಸೀಗೇಪುಡಿ, ಬೂದಿ ಎರಡೂ ಹಚ್ಚಿ ಕೈ ಉಜ್ಜಿಕೊಂಡಿದ್ದೆವು. ಉಗುರಿನ ಸಂದಿಯ ಕಪ್ಪು ಎಣ್ಣೆ ಹೋಗಿರಲಿಲ್ಲ. ನಾನು ಸಂಕೋಚದಿಂದ ಬೆರಳು ಮಡಚಿಕೊಂಡೆ. ಅಪ್ಪ ಒಮ್ಮೆ ತನ್ನ ಕೈಗಳನ್ನು ನೋಡಿಕೊಂಡ, ಹಾಗೇ ಜೋಡಿಸಿ ತಲೆಯ ಮೇಲಕ್ಕೆ ಎತ್ತಿ ಮುಗಿದ.